ಮುಚ್ಚಿದ ಗೇಟಿನ ಮುಂದೆ ನಿಂತು ನಿರುದ್ಯೋಗ ಭತ್ಯೆ ತೆಗೆದುಕೊಂಡ ನನ್ನ ಅನುಭವ

ಬೆಂಗಳೂರಿನ ಪೀಣ್ಯದ ಒಂದು ಕಂಪನಿಯಲ್ಲಿ ಏಳು ವರ್ಷ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದ ಲೋಹ ಕಡೆಯುವ ಮಷೀನು) ಓಡಿಸಿದವನು ನಾನು. 2020ರ ಜೂನ್ 30ಕ್ಕೆ ಕೆಲಸ ಹೋಯಿತು. ಆಮೇಲೆ ಐದು ತಿಂಗಳು ಓಡಾಡಿ ಇಎಸ್‌ಐನಿಂದ, ಅಂದರೆ ಕಾರ್ಮಿಕರ ರಾಜ್ಯ ವಿಮೆಯಿಂದ, 90 ದಿನದ ನಿರುದ್ಯೋಗ ಭತ್ಯೆ ತೆಗೆದುಕೊಂಡೆ. ಹೀಗೆ ಹೇಳಿದರೆ ಈಗಲೂ ಜನ, "ಇಎಸ್‌ಐ ಅಂದ್ರೆ ಆಸ್ಪತ್ರೆ ಅಲ್ವಾ, ಅವರ‍್ಯಾಕೆ ದುಡ್ಡು ಕೊಡ್ತಾರೆ?" ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೊನೆಕೊನೆಗೆ ಸಂಬಳದಲ್ಲಿ ತಿಂಗಳಿಗೆ 107 ರೂಪಾಯಿ ಕಟ್ ಆಗುತ್ತಿತ್ತು, ಮಗಳಿಗೆ ಜ್ವರ ಬಂದರೆ ಡಿಸ್ಪೆನ್ಸರಿಗೆ ಹೋಗಿ ಮಾತ್ರೆ ತರುತ್ತಿದ್ದೆ, ನನಗೂ ಇಎಸ್‌ಐಗೂ ಇದ್ದ ನಂಟು ಅಷ್ಟೇ.

ಕೊರೋನಾದಿಂದ ಕೆಲಸ ಹೋಯಿತು ಅಂತ ಹೇಳಿಬಿಡೋದು ಸುಲಭ. ಆದರೆ ನಮ್ಮ ಲೈನಿನಲ್ಲಿ ಸೊರಗೋಕೆ ಶುರುವಾಗಿದ್ದು 2019ರಲ್ಲೇ. ನಾವು ಮಾಡುತ್ತಿದ್ದದ್ದು ಗಾಡಿಗಳ ಗೇರ್‌ಬಾಕ್ಸಿಗೆ ಹೋಗುವ ಸಣ್ಣ ಶಾಫ್ಟು, ಬುಷ್ಷು. ಆ ವರ್ಷ ಆಗಸ್ಟ್‌ನಲ್ಲಿ ದೇಶದಲ್ಲಿ ಕಾರು, ಎಸ್‌ಯುವಿ, ವ್ಯಾನು ಎಲ್ಲಾ ಸೇರಿದ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಆಗಸ್ಟ್‌ಗಿಂತ ಶೇ 31ರಷ್ಟು ಬಿದ್ದಿತ್ತು. ನಮಗೆ ಆ ಲೆಕ್ಕ ಆಗ ಗೊತ್ತಿರಲಿಲ್ಲ, ಮೊದಲು ಓಟಿ (ಓವರ್‌ಟೈಮ್) ನಿಂತಿತು, ಆಮೇಲೆ ಮೂರನೇ ಶಿಫ್ಟ್ ಹೋಯಿತು, ಅಷ್ಟು ಗೊತ್ತಾಯಿತು. ಆಯುಧಪೂಜೆಗೆ ಪ್ರತಿ ವರ್ಷ ಸ್ವೀಟ್ ಬಾಕ್ಸ್ ಜೊತೆ ಒಂದು ಸ್ಟೀಲ್ ಪಾತ್ರೆ ಕೊಡುತ್ತಿದ್ದರು. ಆ ಸಲ ಬರೀ ಪುರಿ ಪೊಟ್ಟಣ. ಅವತ್ತೇ ಅರ್ಥ ಮಾಡಿಕೊಳ್ಳಬೇಕಿತ್ತು ನಾನು.

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ಲಾಕ್‌ಡೌನ್ ಶುರುವಾದ ದಿನವೂ ಅದೇ. ಹಬ್ಬಕ್ಕೆ ಅಂತ ತಿಪಟೂರಿನ ಹತ್ತಿರ ನಮ್ಮೂರಿಗೆ ಹೋದವನು ಮತ್ತೆ ಲಗ್ಗೆರೆಯ ಬಾಡಿಗೆ ಮನೆಗೆ ಬಂದಿದ್ದು ಮೇ ಕೊನೆಗೆ, ಬಸ್ಸು ಬಿಟ್ಟ ಮೇಲೆ. ಏಪ್ರಿಲ್, ಮೇ ಸಂಬಳ ಇಲ್ಲ. ಜೂನ್‌ನಲ್ಲಿ ಹನ್ನೊಂದು ಜನರನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆದರು. ಎಚ್‌ಆರ್ ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟು, "ಸ್ವಂತ ಕಾರಣಕ್ಕೆ ಬಿಡ್ತಿದೀನಿ ಅಂತ ಬರ‍್ಕೊಡಪ್ಪ, ನಿನಗೇ ಒಳ್ಳೇದು, ಸೆಟ್ಲ್‌ಮೆಂಟ್ ಬೇಗ ಆಗುತ್ತೆ" ಅಂದರು. ಎಂಟು ಜನ ಬರೆದುಕೊಟ್ಟರು. ನಾನು ಬರೆಯಲಿಲ್ಲ. ಕಾನೂನು ಗೊತ್ತಿತ್ತು ಅಂತೇನಲ್ಲ, ನಾನಾಗಿ ಬಿಡ್ತಿಲ್ಲವಲ್ಲ, ಸುಳ್ಳು ಯಾಕೆ ಬರೀಲಿ ಅನ್ನೋ ಹಠ. ಕೊನೆಗೆ ಕೆಲಸವಿಲ್ಲದ ಕಾರಣ ಜೂನ್ 30ರಿಂದ ಕೈಬಿಡಲಾಗಿದೆ ಅಂತ ಅವರೇ ಒಂದು ಲೆಟರ್ ಕೊಟ್ಟರು. ಆ ಹಠ ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡವರಿಗೆ, ತಪ್ಪು ಮಾಡಿ ಶಿಕ್ಷೆಗೆ ಕೆಲಸ ಕಳೆದುಕೊಂಡವರಿಗೆ ಈ ಭತ್ಯೆ ಇಲ್ಲ ಅಂತ ನಿಯಮದಲ್ಲೇ ಇದೆ. ನನ್ನ ಕೈಯಲ್ಲಿ ಕಂಪನಿಯದೇ ಕಾಗದ ಇತ್ತು, ಯಾರೂ ಪ್ರಶ್ನೆ ಮಾಡಲಿಲ್ಲ.

ಮೊದಲು ನೆನಪಾಗಿದ್ದು ಉದ್ಯೋಗ ವಿನಿಮಯ ಕೇಂದ್ರ. ಐಟಿಐ ಮುಗಿಸಿದಾಗ ಅಲ್ಲಿ ಹೆಸರು ಬರೆಸಿದ್ದೆ, ಒಂದು ಕಾರ್ಡು ಕೊಟ್ಟಿದ್ದರು, ರಿನೀವಲ್ ಮಾಡಿಸದೆ ಯಾವ ಕಾಲವಾಯಿತೋ. ಅಲ್ಲಿ ಕೆಲಸದ ಕರೆ ಬರಬಹುದೇ ಹೊರತು ಕೆಲಸ ಹೋದದ್ದಕ್ಕೆ ದುಡ್ಡು ಕೊಡಲ್ಲ. ಪಿಎಫ್ ಅಡ್ವಾನ್ಸ್ ಮಾತ್ರ ಬೇಗ ಸಿಕ್ಕಿತ್ತು. ಮಾರ್ಚ್ ಕೊನೆಯಲ್ಲಿ ಸರ್ಕಾರ ಕೋವಿಡ್ ಅಡ್ವಾನ್ಸ್ ಅಂತ ಬಿಟ್ಟಿತ್ತಲ್ಲ, ಖಾತೆಯಲ್ಲಿರುವುದರ ಶೇ 75 ಅಥವಾ ಮೂರು ತಿಂಗಳ ಬೇಸಿಕ್ ಮತ್ತು ಡಿಎ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದನ್ನು ಮೇ ತಿಂಗಳಲ್ಲೇ ಮೊಬೈಲಿನಲ್ಲಿ ಹಾಕಿ ತೆಗೆದುಕೊಂಡಿದ್ದೆ. ಬಾಡಿಗೆಗೆ, ರೇಷನ್‌ಗೆ ಖರ್ಚಾಗಿ ಜುಲೈ ಹೊತ್ತಿಗೆ ಹೆಂಡತಿಯ ಓಲೆ ಅಡವಿಡುವ ಹಂತಕ್ಕೆ ಬಂದಿದ್ದೆವು.

ಭತ್ಯೆ ವಿಷಯ ಹೇಳಿದ್ದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಯೂನಿಯನ್ ಒಡನಾಟದ ಒಬ್ಬ ಅಣ್ಣ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಹೆಸರು, 2018ರ ಜುಲೈನಿಂದ ಇದೆಯಂತೆ. ಎರಡು ವರ್ಷ ನಾನು ಅದೇ ಇಎಸ್‌ಐಗೆ ದುಡ್ಡು ಕಟ್ಟುತ್ತಾ ಇದೊಂದು ಇದೆ ಅಂತ ಕೇಳಿರಲೇ ಇಲ್ಲ. "ಡಿಸ್ಪೆನ್ಸರಿಗೆ ಹೋಗಬೇಡ, ಬ್ರಾಂಚ್ ಆಫೀಸ್‌ಗೆ ಹೋಗು" ಅಂದ. ಇದು ಮುಖ್ಯ. ಇಎಸ್‌ಐನಲ್ಲಿ ಔಷಧಿ ಕೊಡುವ ಜಾಗ ಬೇರೆ, ದುಡ್ಡಿನ ವ್ಯವಹಾರ ಮಾಡುವ ಶಾಖಾ ಕಚೇರಿ ಬೇರೆ.

ಹೋದೆ. ಜುಲೈ 13, ಸೋಮವಾರ. ಗೇಟಿನ ಹೊರಗೇ ಜನ. ಮಾರನೇ ದಿನ ರಾತ್ರಿಯಿಂದ ಬೆಂಗಳೂರಿಗೆ ಒಂದು ವಾರ ಮತ್ತೆ ಲಾಕ್‌ಡೌನ್, ಇವತ್ತು ಯಾರನ್ನೂ ಒಳಗೆ ಬಿಡಲ್ಲ ಅಂದರು. ಅದು ಮುಗಿದ ಮೇಲೆ 22ಕ್ಕೆ ಬೆಳಗ್ಗೆ ಎಂಟೂವರೆಗೇ ಹೋಗಿ ನಿಂತೆ. ಗೇಟಿಗೆ ಅಡ್ಡಲಾಗಿ ಟೇಪು, ಮೆಟ್ಟಿಲ ಮೇಲೆ ಬ್ಲೀಚಿಂಗ್ ಪೌಡರ್, ಸಿಬ್ಬಂದಿ ಒಬ್ಬರಿಗೆ ಪಾಸಿಟಿವ್ ಬಂದು ಸೀಲ್‌ಡೌನ್. ಸೆಕ್ಯುರಿಟಿಯವರು ವಯಸ್ಸಾದವರು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೂತಿದ್ದರು.

"ಯಾವಾಗ ತೆಗೀತಾರೆ ಯಜಮಾನ್ರೇ?"

"ಸೋಮವಾರ ಬನ್ನಿ. ಯಾವ ಸೋಮವಾರ ಅಂತ ಮಾತ್ರ ನನ್ನ ಕೇಳ್ಬೇಡಿ."

ಪಕ್ಕದಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟಿದ್ದರು, ಅರ್ಜಿ ಇದ್ದರೆ ಅದಕ್ಕೇ ಹಾಕಿ ಅಂದರು. ನಾನು ಹಾಕಲಿಲ್ಲ. ಸರ್ಕಾರಿ ಕಾಗದಕ್ಕೆ ಹಾಕಿದ ದಿನದ ಗುರುತು ಇಲ್ಲದಿದ್ದರೆ ಆಮೇಲೆ ನಾವೇ ಹಾಕಿಲ್ಲ ಅಂತಾಗುತ್ತದೆ, ನಮ್ಮಪ್ಪ ತಾಲ್ಲೂಕು ಆಫೀಸಿಗೆ ಪಹಣಿಗಾಗಿ ಅಲೆದಿದ್ದು ನೋಡಿ ಅಷ್ಟು ಕಲಿತಿದ್ದೆ. ಆಫೀಸಿನವರ ತಪ್ಪು ಅಂತಲೂ ಹೇಳಲ್ಲ. ಅವರಿಗೂ ಪ್ರಾಣ ಭಯ ಇತ್ತು. ಆದರೆ ಕೆಲಸ ಹೋದವರು ಜಾಸ್ತಿಯಾದ ಹೊತ್ತಲ್ಲೇ ಕೆಲಸ ಹೋದವರ ಕೌಂಟರ್ ಮುಚ್ಚಿತ್ತು.

ಮೂರನೇ ಸಲ, ಆಗಸ್ಟ್ ಮೊದಲ ವಾರ, ತೆಗೆದಿತ್ತು. ಟೋಕನ್ ಸಿಕ್ಕಿತು. ಕಿಟಕಿಯ ಗಾಜಿನಾಚೆ ಇದ್ದ ಮೇಡಂ ನನ್ನ ಐಪಿ ನಂಬರ್ (ಇಎಸ್‌ಐನಲ್ಲಿ ಪ್ರತಿ ವಿಮಾದಾರನಿಗೆ ಕೊಡುವ ನಂಬರ್) ಹಾಕಿ ನೋಡಿ ಐದೇ ನಿಮಿಷದಲ್ಲಿ ಹೇಳಿದರು: "ನಿಮ್ಮ ಕೊನೆ ಕೆಲಸದ ದಿನ ಸಿಸ್ಟಮ್‌ಗೆ ಬಂದೇ ಇಲ್ಲ. ರಜೆ ಮೇಲಿದಾರೆ ಅಂತ ತೋರಿಸ್ತಿದೆ. ಇದನ್ನ ನಾವು ಹಾಕೋಕೆ ಬರಲ್ಲ, ಕಂಪನಿಯವರೇ ಹಾಕಬೇಕು. ಮೊಬೈಲ್ ನಂಬರೂ ನಿಮ್ಮದಲ್ಲ ಅನ್ಸುತ್ತೆ, ನೋಡ್ಕೊಳಿ." ಅಂದರೆ ಮೊದಲ ಎರಡು ಸಲ ಆಫೀಸ್ ತೆರೆದಿದ್ದರೂ ನಾನು ಬರಿಗೈಲಿ ಬರುತ್ತಿದ್ದೆ ಅಂತ ಆಗ ಹೊಳೆಯಿತು. ಕಾಗದ ಸಿಕ್ಕಿಹಾಕಿಕೊಂಡಿದ್ದು ಪೀಣ್ಯದಲ್ಲಿ, ನನ್ನ ಹಳೇ ಕಂಪನಿಯ ಅಕೌಂಟ್ಸ್ ಟೇಬಲ್ ಮೇಲೆ.

ಮೊಬೈಲ್ ನಂಬರ್ ಕಥೆ ಕೇಳಿ. ನಾನು ಸೇರಿದಾಗ ಎಚ್‌ಆರ್‌ನಲ್ಲಿದ್ದ ಹುಡುಗ ಎಲ್ಲರ ಅರ್ಜಿಗೂ ಒಂದೇ ನಂಬರ್ ತುಂಬಿದ್ದ, ತನ್ನದೇ. ಅವನು ಕೆಲಸ ಬಿಟ್ಟು ನಾಲ್ಕು ವರ್ಷ. ಒಟಿಪಿ ಎಲ್ಲಾ ಅವನಿಗೆ ಹೋಗುತ್ತಿತ್ತು, ಅಥವಾ ಎಲ್ಲಿಗೂ ಹೋಗುತ್ತಿರಲಿಲ್ಲ. ಅಕೌಂಟ್ಸ್‌ನಲ್ಲಿದ್ದ ಅಕ್ಕ ಒಳ್ಳೆಯವರು, ಎಚ್‌ಆರ್ ಫೋನ್ ಎತ್ತದಿದ್ದರೂ ಇವರು ಎತ್ತುತ್ತಿದ್ದರು. ಪ್ರತಿ ತಿಂಗಳ ಇಎಸ್‌ಐ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಆಗಲೇ ಪ್ರತಿ ಕಾರ್ಮಿಕನ ಹೆಸರಿನ ಮುಂದೆ ಎಷ್ಟು ದಿನ ಕೆಲಸ, ಸೊನ್ನೆ ಆದರೆ ಯಾಕೆ ಸೊನ್ನೆ ಅಂತ ತುಂಬುತ್ತಾರೆ. ಅಲ್ಲಿ ನನ್ನನ್ನು ರಜೆ ಅಂತ ಬಿಟ್ಟಿದ್ದರು. "ಕೆಲಸ ಬಿಟ್ಟಿದ್ದಾರೆ" ಅಂತ ಬದಲಾಯಿಸಿ ತಾರೀಕು ಹಾಕಿದರೆ ಆಯಿತು. ಆಗಸ್ಟ್ 15 ತಪ್ಪಿತು, ಸೆಪ್ಟೆಂಬರ್ 15ರ ಫೈಲಿಂಗ್‌ನಲ್ಲಿ ಸರಿ ಮಾಡಿಕೊಟ್ಟರು, ಮೊಬೈಲ್ ನಂಬರನ್ನೂ. ನಾಲ್ಕು ಸಲ ಫೋನ್, ಒಂದು ಸಲ ಗೇಟಿನ ಹತ್ತಿರ ಹೋಗಿ ಅರ್ಧ ಡಜನ್ ಎಳನೀರು ಕೊಟ್ಟುಬಂದಿದ್ದು. ಲಂಚ ಅನ್ನಬೇಡಿ, ನಮ್ಮ ತೋಟದ್ದು.

ತಡವಾಗಿದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಮೊದಲು ಈ ಯೋಜನೆಯಲ್ಲಿ ದಿನದ ಸರಾಸರಿ ಸಂಪಾದನೆಯ ಶೇ 25 ಮಾತ್ರ ಕೊಡುತ್ತಿದ್ದರು, ಅದೂ ಕೆಲಸ ಹೋಗಿ 90 ದಿನ ಕಳೆದ ಮೇಲೆ. ಆಗಸ್ಟ್ 20ರ ಸಭೆಯಲ್ಲಿ ಇಎಸ್‌ಐ ನಿಗಮ ಅದನ್ನು ಶೇ 50 ಮಾಡಿತು, 30 ದಿನ ಕಳೆದರೆ ಸಾಕು ಅಂತಲೂ ಮಾಡಿತು. 2020ರ ಮಾರ್ಚ್ 24ರಿಂದ ಡಿಸೆಂಬರ್ 31ರೊಳಗೆ ಕೆಲಸ ಕಳೆದುಕೊಂಡವರಿಗೆ ಈ ಸಡಿಲಿಕೆ. ಅರ್ಜಿಯನ್ನು ಕಂಪನಿ ಮೂಲಕ ಕಳಿಸಬೇಕಾಗಿಲ್ಲ, ನಾವೇ ನೇರವಾಗಿ ಹಾಕಬಹುದು ಅಂತಲೂ ಬಂತು.

ಆಗಿನ ಅರ್ಹತೆ ಇಷ್ಟು: ಕಡಿಮೆ ಅಂದರೂ ಎರಡು ವರ್ಷ ವಿಮೆಯಲ್ಲಿರುವ ಕೆಲಸ ಮಾಡಿರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78. ಒಟಿಪಿ ಬಂದು ಲಾಗಿನ್ ಆದ ಮೇಲೆ ಪೋರ್ಟಲ್‌ನಲ್ಲಿ ತಿಂಗಳವಾರು ದಿನಗಳು ಕಾಣುತ್ತವೆ. ನಾನು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಕೂಡಿದೆ.

ದುಡ್ಡಿನ ಲೆಕ್ಕದಲ್ಲಿ ಒಂದು ವಿಷಯ ಯಾರೂ ಹೇಳಲ್ಲ. ಸಂಬಳದ ಅರ್ಧ ಅಂದ ಕೂಡಲೇ ನಾವು ತಿಂಗಳಿಗೆ 26 ದಿನ ಅಂತ ಭಾಗಿಸುತ್ತೇವೆ. ಅವರು ಹಾಗೆ ಮಾಡಲ್ಲ. ನಾಲ್ಕು ಅವಧಿಯ, ಅಂದರೆ ಎರಡು ವರ್ಷದ ಒಟ್ಟು ಸಂಪಾದನೆಯನ್ನು 730ರಿಂದ ಭಾಗಿಸುತ್ತಾರೆ, ಭಾನುವಾರ, ಹಬ್ಬ, ಸಂಬಳವಿಲ್ಲದ ರಜೆ ಎಲ್ಲಾ ಸೇರಿಸಿ. ನನ್ನದು ಎರಡು ವರ್ಷಕ್ಕೆ ಸುಮಾರು 3 ಲಕ್ಷ 40 ಸಾವಿರ. ಭಾಗಿಸಿದರೆ ದಿನಕ್ಕೆ 465 ರೂಪಾಯಿ ಚಿಲ್ಲರೆ, ಅದರ ಅರ್ಧ 232 ಚಿಲ್ಲರೆ, 90 ದಿನಕ್ಕೆ ಹತ್ತಿರ ಹತ್ತಿರ 21 ಸಾವಿರ. ಇಷ್ಟೇನಾ ಅನ್ನಬಹುದು. ಆ ಅಕ್ಟೋಬರ್‌ನಲ್ಲಿ ನನಗೆ ಇಷ್ಟಾ ಅನ್ನಿಸಿತ್ತು.

ಅಕ್ಟೋಬರ್ ಎರಡನೇ ವಾರ 90 ದಿನಕ್ಕೂ ಸೇರಿಸಿ ಆನ್‌ಲೈನ್‌ನಲ್ಲಿ ಕ್ಲೇಮ್ ಹಾಕಿದೆ. ಆದರೆ ಆಗ ಆನ್‌ಲೈನ್ ಅಂದರೂ ಅದರ ಪ್ರಿಂಟ್ ತೆಗೆದು, ಸಹಿ ಹಾಕಿ, ಅಫಿಡವಿಟ್, ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್ ಜೊತೆ ಶಾಖಾ ಕಚೇರಿಗೆ ತಲುಪಿಸಬೇಕಿತ್ತು. 20 ರೂಪಾಯಿ ಸ್ಟಾಂಪ್ ಪೇಪರ್, ಟೈಪಿಂಗ್ ಅಂಗಡಿಯವನಿಗೆ ನೂರು, ನೋಟರಿಗೆ ನೂರೈವತ್ತು. ಅಲ್ಲೇ ಇನ್ನೊಂದು ತೊಡಕು. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಇಎಸ್‌ಐನಲ್ಲಿ ಇನಿಷಿಯಲ್ಲೇ ಇಲ್ಲ. ಮೂರೂ ಹೆಸರು ಒಬ್ಬನವೇ ಅಂತ ಅದೇ ಅಫಿಡವಿಟ್‌ನಲ್ಲಿ ಒಂದು ಸಾಲು ಸೇರಿಸು ಅಂದೆ, ಟೈಪಿಂಗ್ ಅಂಗಡಿಯವನು ಕೇಳದೇ ಇನ್ನೊಂದು ಐವತ್ತು ಸೇರಿಸಿದ. ಪಾಸ್‌ಬುಕ್ ಮೇಲೆ ಇನ್ನೂ ವಿಜಯಾ ಬ್ಯಾಂಕ್ ಅಂತಲೇ ಇತ್ತು, ಬ್ಯಾಂಕ್ ಆಗಲೇ 2019ರ ಏಪ್ರಿಲ್‌ನಲ್ಲಿ ಬರೋಡಾ ಜೊತೆ ಸೇರಿಹೋಗಿತ್ತು. ಯಾಕೆ ತಲೆನೋವು ಅಂತ ಮೊದಲೇ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿಕೊಂಡೆ.

ಕಾಗದ ಎಲ್ಲಾ ಜೋಡಿಸಿಕೊಂಡು ಹೋದರೆ ಆಫೀಸ್ ಮತ್ತೆ ಬಂದ್! ಅದೇ ಯಜಮಾನರು, ಅದೇ ರಟ್ಟಿನ ಡಬ್ಬಿ. ಈ ಸಲ ನಾನು ಸೋಮವಾರಕ್ಕೆ ಕಾಯಲಿಲ್ಲ. ಅಂಚೆ ಮೂಲಕ ಕಳಿಸಬಹುದು ಅಂತ ನಿಯಮದಲ್ಲೇ ಇತ್ತು. ಸೀದಾ ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ, ತಲುಪಿದ್ದಕ್ಕೆ ಸಹಿಯಾಗಿ ವಾಪಸ್ ಬರುವ ಎಡಿ ಕಾರ್ಡ್ ಜೊತೆ. ಎಲ್ಲದರ ಫೋಟೋ ಮೊಬೈಲಿನಲ್ಲಿ. ಹನ್ನೆರಡು ದಿನಕ್ಕೆ ಎಡಿ ಕಾರ್ಡ್ ವಾಪಸ್ ಬಂತು, ಹಿಂದೆ ನೇರಳೆ ಶಾಯಿಯ ದುಂಡು ಸೀಲು, ತಾರೀಕು, ಯಾರದೋ ಕೊಕ್ಕರೆ ಸಹಿ. ಆ ಸೀಲು ನೋಡಿ ಆದ ಸಮಾಧಾನ ದುಡ್ಡು ಬಂದಾಗಲೂ ಆಗಲಿಲ್ಲ.

ನವೆಂಬರ್ ಮಧ್ಯದ ಹೊತ್ತಿಗೆ, ದೀಪಾವಳಿ ಆಸುಪಾಸು, ಅಫಿಡವಿಟ್ ಇನ್ನು ಬೇಕಾಗಿಲ್ಲ, ಆಧಾರ್, ಬ್ಯಾಂಕ್ ದಾಖಲೆ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲೇ ಹಾಕಿದರೆ ಕಾಗದ ಕೊಡೋ ಅಗತ್ಯವೂ ಇಲ್ಲ ಅಂತ ಸರ್ಕಾರ ಹೇಳಿತು. ಹೆಂಡತಿಗೆ ಓದಿ ಹೇಳಿದೆ. "ಆ ಮುನ್ನೂರಿಪ್ಪತ್ತು ವಾಪಸ್ ಕೊಡ್ತಾರಾ ಕೇಳಿ" ಅಂದಳು. ಹಬ್ಬ ಆಗಿ ಹತ್ತು ದಿನಕ್ಕೆ ಖಾತೆಗೆ ದುಡ್ಡು ಬಿತ್ತು, ನನ್ನ ಲೆಕ್ಕಕ್ಕಿಂತ ಮೂವತ್ತೋ ನಲವತ್ತೋ ರೂಪಾಯಿ ಕಡಿಮೆ. ಕೇಳೋಕೆ ಹೋಗಲಿಲ್ಲ. ಓಲೆ ಬಿಡಿಸಿಕೊಂಡು ಬಂದೆ.

ಹನ್ನೊಂದು ಜನರಲ್ಲಿ ನನ್ನನ್ನೂ ಸೇರಿಸಿ ಇಬ್ಬರಿಗೆ ಮಾತ್ರ ಸಿಕ್ಕಿತು. ರಾಜೀನಾಮೆ ಬರೆದುಕೊಟ್ಟವರಲ್ಲಿ ಒಬ್ಬರೂ ಅರ್ಜಿಯನ್ನೇ ಹಾಕಲಿಲ್ಲ, ನಮಗೆಲ್ಲಿ ಬರುತ್ತೆ ಅಂತ ಸುಮ್ನಾದರು. ನನಗೆ ಜಾಸ್ತಿ ಬೇಜಾರಾಗಿದ್ದು ಕಾಂಟ್ರಾಕ್ಟ್‌ನಲ್ಲಿದ್ದ, ಹೆಗ್ಗನಹಳ್ಳಿಯಲ್ಲಿ ಇರುತ್ತಿದ್ದ ಒಬ್ಬ ಹುಡುಗನದು. ನನ್ನ ಪಕ್ಕದ ಮಷೀನಿನಲ್ಲೇ ಮೂರು ವರ್ಷ ದುಡಿದಿದ್ದ. ಅವನ ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹಳೇ ಐಪಿ ನಂಬರ್ ಕೇಳದೆ ಹೊಸದು ಮಾಡಿಸಿದ್ದರು. ಅವನ ಹೆಸರಲ್ಲಿ ಮೂರು ನಂಬರ್, ಒಂದರಲ್ಲಿ ಐದು ತಿಂಗಳು, ಇನ್ನೊಂದರಲ್ಲಿ ಹನ್ನೊಂದು, ಮತ್ತೊಂದರಲ್ಲಿ ಉಳಿದದ್ದು. ಯಾವುದರಲ್ಲೂ ಎರಡು ವರ್ಷ ತುಂಬಲಿಲ್ಲ. ಮೂರನ್ನೂ ಒಂದು ಮಾಡಿಸೋಕೆ ಓಡಾಡು, ನಾನೂ ಬರ್ತೀನಿ ಅಂದೆ. ಎರಡು ಸಲ ಗೇಟಿನವರೆಗೆ ಬಂದ, ಎರಡು ಸಲವೂ ಬಾಗಿಲು ಹಾಕಿತ್ತು. ಮೂರನೇ ಸಲಕ್ಕೆ ಫೋನ್ ಮಾಡಿದರೆ ರಾಯಚೂರಿಗೆ, ಅವನ ಊರಿಗೆ ಹೋಗಿಬಿಟ್ಟಿದ್ದ.

2021ರ ಜನವರಿಯಲ್ಲಿ ನೆಲಮಂಗಲದ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಒಂದೂವರೆ ಸಾವಿರ ಕಡಿಮೆ. ಸೇರುವ ದಿನ ಆಫೀಸಿನ ಹುಡುಗಿ ಫಾರ್ಮ್ ತುಂಬುತ್ತಾ, "ಇಎಸ್‌ಐ ಹೊಸದು ಮಾಡ್ಲಾ ಸರ್?" ಅಂದಳು. ಬೇಡಮ್ಮ ಅಂದೆ, ಪರ್ಸ್‌ನಿಂದ ಹಳೇ ನಂಬರಿನ ಚೀಟಿ ತೆಗೆದುಕೊಟ್ಟೆ. ಆಮೇಲೆ ಅವಳ ಹಿಂದೆ ಹೋಗಿ ನಿಂತು, ಕಂಪ್ಯೂಟರ್ ಪರದೆಯಲ್ಲಿ ನನ್ನ ಮೊಬೈಲ್ ನಂಬರಿನ ಹತ್ತೂ ಅಂಕಿ ಬೆರಳಿಟ್ಟು ಓದಿಸಿದೆ.