ತೂಕ ಅಷ್ಟೇ ಇತ್ತು, ಸೊಂಟ ಬೆಳೆದಿತ್ತು

ಮಂಡ್ಯದಲ್ಲಿ 26 ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಗಿರಾಕಿಗಳ ಅಳತೆಯ ಜೊತೆ ನನ್ನದನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. 47ಕ್ಕೆ ಮುಟ್ಟು ನಿಂತಾಗ ಸೊಂಟ 31 ಇಂಚು, ಸೀಟ್ (ಹಿಂಭಾಗದ ಸುತ್ತಳತೆ) 39. ಮೂರು ವರ್ಷ ಬಿಟ್ಟು ಅಳೆದರೆ ಸೊಂಟ 35, ಸೀಟ್ 38. ತೂಕ ಒಂದೇ ಕೆಜಿ ಜಾಸ್ತಿ. ವಯಸ್ಸಾಯ್ತಲ್ಲ ಅಂದುಕೊಂಡು ಒಳಗಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ.

ಮರುವರ್ಷ ಬಚ್ಚಲ ಬಾಗಿಲಲ್ಲಿ ಜಾರಿ ಕೈ ಊರಿದೆ. ಬಲಗೈ ಮಣಿಕಟ್ಟು ಮುರಿಯಿತು. ಕತ್ತರಿ ಹಿಡಿಯುವ ಕೈ. ಕಟ್ಟು ಹಾಕಿದವರು "ಬಿದ್ದರೆ ಮುರಿಯುತ್ತಮ್ಮಾ" ಅಂದು ಕಳಿಸಿದರು. ಇಷ್ಟು ಸುಲಭಕ್ಕೆ ಯಾಕೆ ಮುರಿಯಿತು ಎಂದು ಯಾರೂ ನೋಡಲಿಲ್ಲ. ತಂಗಿ ಬಿಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಳು. ಬೆನ್ನುಮೂಳೆಯ ಟಿ ಸ್ಕೋರ್, ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7. ಮೈನಸ್ 2.5ಕ್ಕೆ ಇಳಿದರೇ ಅದು ಆಸ್ಟಿಯೊಪೊರೋಸಿಸ್, ಮೂಳೆ ಟೊಳ್ಳಾಗುವ ಕಾಯಿಲೆ.

ಅಲ್ಲಿನ ಡಾಕ್ಟರಮ್ಮ ನನ್ನ ಅಳತೆಗಳನ್ನೂ ಕೇಳಿದರು. ಸೊಂಟ, ಮೂಳೆ ಎರಡಕ್ಕೂ ನಂಟಿದೆ ಎಂದು ಆಗಲೇ ಗೊತ್ತಾಗಿದ್ದು. ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ದಿನಾ ಕೆಲಸ ಮಾಡುತ್ತಿರುತ್ತವೆ. ಕರಗಿಸುವ ಕೋಶಗಳನ್ನು ಹಿಡಿತದಲ್ಲಿಡುವುದು ಈಸ್ಟ್ರೊಜೆನ್, ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ. ಕಟ್ಟುವುದಕ್ಕಿಂತ ಕರಗುವುದೇ ಜಾಸ್ತಿಯಾಗುತ್ತದೆ, ಅದೂ ಮೊದಲ ಐದಾರು ವರ್ಷದಲ್ಲಿ ಬೇಗ ಬೇಗ. ಕೊಬ್ಬಿನದೂ ಇದೇ ಕಥೆ. ಈಸ್ಟ್ರೊಜೆನ್ ಇರುವಾಗ ತೊಡೆ, ಸೀಟ್ ಕಡೆ ಸೇರುತ್ತಿದ್ದ ಕೊಬ್ಬು ಈಗ ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುತ್ತದೆ. ಜೊತೆಗೆ ಮಾಂಸಖಂಡ ಕರಗುವುದರಿಂದ ತೂಕದಲ್ಲಿ ಏನೂ ಕಾಣುವುದಿಲ್ಲ. ನಮ್ಮ ಹೆಂಗಸರಿಗೆ ಸೊಂಟ 80 ಸೆಂ.ಮೀ., ಅಂದರೆ 31.5 ಇಂಚು ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಭಯ ಹೆಚ್ಚು.

ಮೂಳೆಗೆಂದು ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟದ ತುಂಬ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಒಂದು ವಾರವೂ ತಪ್ಪಿಸಲಿಲ್ಲ.

ಕಷ್ಟವಾಗಿದ್ದು ಕೆಲಸದ ರೀತಿ ಬದಲಿಸುವುದು. ಚಾಪೆ ಮೇಲೆ ಬಟ್ಟೆ ಹರಡಿ, ಬಗ್ಗಿ ಕತ್ತರಿಸಿಯೇ ರೂಢಿ. ಟೊಳ್ಳಾದ ಬೆನ್ನುಮೂಳೆಗೆ ಹಾಗೆ ಮುಂದಕ್ಕೆ ಬಗ್ಗುವುದೇ ಅಪಾಯ, ಮೂಳೆ ಕುಸಿಯಬಹುದು. ಬಡಗಿಗೆ ಹೇಳಿ ಸೊಂಟದೆತ್ತರದ ಮೇಜು ಮಾಡಿಸಿದೆ. ಈಗ ನಿಂತೇ ಕಟಿಂಗ್.

ವಾಕಿಂಗ್ ಮಾಡುತ್ತೇನಲ್ಲ ಎಂದರೆ, ವ್ಯಾಯಾಮ ಹೇಳಿಕೊಡುವ ಫಿಸಿಯೊ ಅದೊಂದೇ ಸಾಲದು ಅಂದರು. ಮೂಳೆ ಮೇಲೆ ಇನ್ನೂ ಹೆಚ್ಚು ಭಾರ ಬೀಳಬೇಕು, ಮಾಂಸಖಂಡ ಅದನ್ನು ಎಳೆಯಬೇಕು. ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆ ತಳ್ಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು. ಎರಡು ತಿಂಗಳಾದ ಮೇಲೆ 2 ಕೆಜಿ ಡಂಬೆಲ್, ಈಗ 5.

ಮುದ್ದೆ ತಿನ್ನುವವರಿಗೆ ಮೂಳೆ ಸವೆಯಲ್ಲ ಎಂದು ನಾನೂ ನಂಬಿದ್ದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಈ ವಯಸ್ಸಿಗೆ ದಿನಕ್ಕೆ 1200 ಬೇಕು. ಹಾಲು, ಮೊಸರು, ಎಳ್ಳಿನ ಚಟ್ನಿ ಸೇರಿಸಿಕೊಂಡೆ. ಮಾಂಸಖಂಡಕ್ಕೆ ಮೊಟ್ಟೆ, ಹುರುಳಿಕಾಳಿನ ಬಸ್ಸಾರು.

ಎರಡು ವರ್ಷದ ಮೇಲೆ ಟಿ ಸ್ಕೋರ್ ಮೈನಸ್ 2.4ಕ್ಕೆ ಬಂತು. ಅದರಲ್ಲಿ ಮಾತ್ರೆಯ ಪಾಲೇ ದೊಡ್ಡದು. ಸೊಂಟ 33.

ಅಂಗಡಿಗೆ ಬರುವವರಲ್ಲಿ 40 ತುಂಬುವ ಮೊದಲೇ ಗರ್ಭಕೋಶ ತೆಗೆಸಿದವರಿದ್ದಾರೆ. ಅದರ ಜೊತೆ ಎರಡೂ ಅಂಡಾಶಯ ಹೋಗಿದ್ದರೆ ಈಸ್ಟ್ರೊಜೆನ್ ಒಮ್ಮೆಲೇ ಇಳಿದುಬಿಡುತ್ತದೆ. ಹಾಗಾಗಿ ಅಳತೆ ಬದಲಾಗಿದ್ದು ಕಂಡರೆ ನಾನು ಸುಮ್ನಿರುವುದಿಲ್ಲ, ಕೇಳಿಬಿಡುತ್ತೇನೆ. ಹೋದ ವಾರ 39ರ ಒಬ್ಬರು ಆಪರೇಷನ್ ಚೀಟಿ ತಂದು ತೋರಿಸಿದರು. ಎರಡೂ ಅಂಡಾಶಯ ತೆಗೆದಿದ್ದಾರೆ. ಅವರಿಗೇ ಗೊತ್ತಿರಲಿಲ್ಲ. "ಅಕ್ಕಾ, ನೀವೂ ಬನ್ನಿ" ಅಂದರು. ಸೋಮವಾರ ಅಂಗಡಿ ಮುಚ್ಚಿ ಅವರ ಜೊತೆ ಮೈಸೂರಿಗೆ ಹೋಗುತ್ತಿದ್ದೇನೆ.