ಹಳೇ ಫ್ರಿಜ್ಜು, ಬೇಕರಿ ಯೀಸ್ಟು, ಹಣ್ಣಿನ ನೊಣದ ಆಯಸ್ಸು: ನನ್ನ ಅನುಭವ

"ನಿನ್ನ ಕಂಟ್ರೋಲ್ ನೊಣಗಳೇ ಮೂವತ್ತು ಚಿಲ್ಲರೆ ದಿನಕ್ಕೆ ಸಾಯ್ತಾ ಇದ್ರೆ, ಗಂಗಾಜಲ ಕುಡಿಸಿದ್ರೂ ಆಯಸ್ಸು ಜಾಸ್ತಿ ಆಗುತ್ತೆ ಮಾರಾಯ" ಅಂತ ಬೆಂಗಳೂರಿನ ದೊಡ್ಡ ಲ್ಯಾಬಿನಲ್ಲಿರೋ ಗೆಳೆಯ ಫೋನಲ್ಲಿ ನಕ್ಕಿದ್ದ. ಕಂಟ್ರೋಲ್ ಅಂದರೆ ಹೋಲಿಕೆಗೆ ಅಂತ ಮದ್ದಿಲ್ಲದೆ ಸಾಕೋ ನೊಣ. ಮಾತು ನಿಜವೇ. ಮಿತಾಹಾರವೋ ರಾಪಾಮೈಸಿನ್ ಅನ್ನೋ ಮದ್ದೋ ಹಣ್ಣಿನ ನೊಣದ ಆಯಸ್ಸು ಹೆಚ್ಚಿಸುತ್ತಾ ನೋಡೋಣ ಅಂತ ಶುರು ಮಾಡೋರೆಲ್ಲ ಮದ್ದಿನ ಹಿಂದೆ ಓಡ್ತಾರೆ. ನನ್ನ ಎರಡು ವರ್ಷ ಹೋಗಿದ್ದು ಮದ್ದಿಗಲ್ಲ, ಕಂಟ್ರೋಲ್ ನೊಣಗಳನ್ನ ಅರವತ್ತು ದಿನ ಬದುಕಿಸೋಕೆ.

ನಮ್ಮದು ಮೈಸೂರಿಗೆ ಒಂದು ಗಂಟೆ ದಾರಿಯ ಡಿಗ್ರಿ ಕಾಲೇಜು. ತಾಪಮಾನ ಒಂದೇ ಸಮ ಇಡೋ ಬಿಓಡಿ ಇನ್‌ಕ್ಯುಬೇಟರ್ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನೋ ಉತ್ತರ ಪ್ರತಿ ವರ್ಷ ತಪ್ಪದೆ ಬರುತ್ತೆ. ಗುಜರಿಯಿಂದ ಹಳೇ ಫ್ರಿಜ್ಜು ತಂದೆ, ಮೂರು ಸಾವಿರ ಇರಬೇಕು. ಮೇಲೊಂದು ಡಿಜಿಟಲ್ ತಾಪಮಾನ ನಿಯಂತ್ರಕ, ಬಿಸಿಗೆ ಬಲ್ಬು, ಗಾಳಿಗೆ ಕಂಪ್ಯೂಟರಿನ ಫ್ಯಾನು. ಬಲ್ಬಿನ ಬೆಳಕು ಒಳಗೆ ಬೀಳದ ಹಾಗೆ ಕಪ್ಪು ಡಬ್ಬ ಮುಚ್ಚಿದೆ. ಎಲ್ಲ ಸೇರಿ ಆರು ಸಾವಿರದೊಳಗೆ 25 ಡಿಗ್ರಿ ಅಲ್ಲಾಡದೆ ನಿಂತಿತು. ಬೇಸಿಗೆಯ ಕರೆಂಟು ಕಡಿತಕ್ಕೆ ಮಾತ್ರ ಪೂರ್ತಿ ಒಂದು ತಂಡ ನೊಣ ಸತ್ತುಹೋಯಿತು. ಆಮೇಲೆ ಯುಪಿಎಸ್ ಹಾಕಿದೆ, ಫ್ರಿಜ್ಜಿಗಿಂತ ಅದೇ ದುಬಾರಿ.

ಇನ್ನು ಆಹಾರ. ಲೀಟರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಗೋಧಿ ರವೆ, ಗಟ್ಟಿಯಾಗೋಕೆ ಹತ್ತು ಗ್ರಾಂ ಅಗರ್, ಬೂಷ್ಟು ಬರದ ಹಾಗೆ ಏಳೂವರೆ ಎಂ.ಎಲ್. ಪ್ರೊಪಿಯಾನಿಕ್ ಆಸಿಡ್. ಮಾನಸಗಂಗೋತ್ರಿಯ ಕಡೆ ಓದಿದವರಿಗೆಲ್ಲ ಬಾಯಿಪಾಠ. ನೊಣ ಸಾಕೋಕೆ ಒಳ್ಳೆಯದು, ಮಿತಾಹಾರದ ಪ್ರಯೋಗಕ್ಕೆ ಬರಲ್ಲ. ನೊಣದ ಮಿತಾಹಾರ ಅಂದರೆ ಪ್ರೋಟೀನು ಕೊಡೋ ಯೀಸ್ಟ್ ಕಮ್ಮಿ ಮಾಡೋದು. ಅದನ್ನ ಎಷ್ಟೇ ಕಮ್ಮಿ ಮಾಡಿ, ರವೆಯ ಪ್ರೋಟೀನು ಹಿಂಬಾಗಿಲಿಂದ ಒಳಗೆ ಬರುತ್ತೆ. ಬೆಲ್ಲವಂತೂ ಅಚ್ಚಿಗೊಂದು ಗುಣ. ಹೈಡ್ರೋಸ್ ಹಾಕಿ ಬಿಳಿ ಮಾಡಿದ್ದರಲ್ಲಿ ನೊಣ ಬೇರೆ ಥರಾನೇ ಮೊಟ್ಟೆ ಇಡುತ್ತೆ. ರವೆ, ಬೆಲ್ಲ ಎರಡನ್ನೂ ಬಿಟ್ಟೆ. ಸಕ್ಕರೆ ತುಂಬಿದ ಊಟಕ್ಕೂ ಮಿತಾಹಾರಕ್ಕೂ ಲೀಟರಿಗೆ 50 ಗ್ರಾಂ. ಬೇಕರಿಯ ಒಣ ಯೀಸ್ಟು ಚೆನ್ನಾಗಿ ಕುದಿಸಿ, ತುಂಬಿದ ಊಟಕ್ಕೆ ಲೀಟರಿಗೆ 200 ಗ್ರಾಂ, ಮಿತಾಹಾರಕ್ಕೆ 100. ಆಸೆಗೆ ಬಿದ್ದು 20 ಗ್ರಾಂಗೂ ಇಳಿಸಿ ನೋಡಿದೆ. ಅವು ಎಲ್ಲರಿಗಿಂತ ಮೊದಲು ಸತ್ತವು, ಪಾಪ.

ಮಿತಾಹಾರದ ನೊಣ ಹೆಚ್ಚು ಬದುಕೋದು ಊಟ ಕಮ್ಮಿಯಾಗಿ ಅಲ್ಲ, ಗಟ್ಟಿ ಆಹಾರದಲ್ಲಿರೋವು ಬಾಯಾರಿ ಬೇಗ ಸಾಯೋದರಿಂದ ಹಾಗೆ ಕಾಣುತ್ತೆ ಅನ್ನೋ ವಾದ ಒಂದಿದೆ. ಆ ಬಾಯಿ ಮುಚ್ಚಿಸೋಕೆ ಎಲ್ಲ ಗುಂಪಿಗೂ ಪಕ್ಕದಲ್ಲಿ ಬರೀ ನೀರು-ಅಗರ್ ತುಂಡು ಇಟ್ಟೆ. ವ್ಯತ್ಯಾಸ ಸ್ವಲ್ಪ ಕುಗ್ಗಿತು, ಹೋಗಲಿಲ್ಲ. ನೊಣದ ಪ್ರಜ್ಞೆ ತಪ್ಪಿಸೋ ಈಥರ್ ಮುಟ್ಟಲೇ ಇಲ್ಲ, ಒಂದು ವಯಲಿನಿಂದ (ಸಣ್ಣ ಸೀಸೆಯಿಂದ) ಇನ್ನೊಂದಕ್ಕೆ ತಟ್ಟಿ ದಾಟಿಸೋದೇ. ನೊಣಗಳೂ ಲ್ಯಾಬಿನಲ್ಲಿ ತಲೆತಲಾಂತರ ಬೆಳೆದ ತಳಿಯಲ್ಲ. ಬಾಳೆಹಣ್ಣಿನ ಮಂಡಿಯ ಹಿಂದೆ ಹಿಡಿದ ಹೆಣ್ಣುಗಳ ಸಂತತಿ ಬೆರೆಸಿಕೊಂಡೆ. ಅನನಾಸ್ಸೇ ಅನ್ನೋ ಬೇರೆ ಜಾತಿಯ ನೊಣ ಸೇರಿಕೊಳ್ಳುತ್ತೆ, ಗಂಡಿನ ಮುಂಗಾಲಿನ ಸೆಕ್ಸ್ ಕೋಂಬ್ (ಬಾಚಣಿಗೆಯಂಥ ಕಪ್ಪು ಬಿರುಗೂದಲು) ನೋಡಿಯೇ ಒಳಗೆ ಬಿಡಿ.

ಈಗ ದುಡ್ಡಿನ ಕಥೆ. ನೊಣಕ್ಕೆ ರಾಪಾಮೈಸಿನ್ ಕೊಟ್ಟ 2010ರ ಲಂಡನ್ ಪ್ರಯೋಗದ ಪ್ರಮಾಣ 200 ಮೈಕ್ರೋಮೋಲಾರ್, ಅಂದರೆ ಲೀಟರ್ ಆಹಾರಕ್ಕೆ 180 ಮಿಲಿಗ್ರಾಂ ದಾಟುತ್ತೆ. ಕ್ಯಾಟಲಾಗಿನವರು 25 ಮಿಲಿಗ್ರಾಂಗೆ ಕೇಳಿದ್ದು ಇಪ್ಪತ್ತು ಸಾವಿರದ ಆಸುಪಾಸು. ವಾರಕ್ಕೆ ಮೂರು ಸಲ ವಯಲ್ ಬದಲಿಸಬೇಕು, ನೂರು ನೊಣದ ಒಂದೇ ಗುಂಪಿಗೆ ಲಕ್ಷ ದಾಟುತ್ತೆ. ಹಾಗಾಗಿ ಕೆಳಗೆ ಸಾದಾ ಆಹಾರ, ಮೇಲೆ ಅರ್ಧ ಎಂ.ಎಲ್. ಮಾತ್ರ ಮದ್ದಿನ ಆಹಾರ. ಖರ್ಚು ಆರನೇ ಒಂದು ಭಾಗಕ್ಕೆ ಇಳಿಯಿತು. ಮೇಲಿನ ಮದ್ದು ಕೆಳಗೆ ಇಳಿದು ತೆಳುವಾಗದ ಹಾಗೆ ನಡುವೆ ಏನು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಪೇಪರ್ ಬರೆಯೋದಿದೆ. ಮದ್ದು ಕರಗಿಸೋದು ಎಥನಾಲಿನಲ್ಲಿ, ಹಾಗಾಗಿ ಕಂಟ್ರೋಲಿಗೂ ಅಷ್ಟೇ ಎಥನಾಲ್ ಬೀಳಬೇಕು.

ಮದ್ದು ಹೊಟ್ಟೆಗೆ ಹೋಗ್ತಿದೆಯಾ ಅಂತ ತಿಳಿಯೋಕೆ ನೀಲಿ ಬಣ್ಣ ಬೆರೆಸಿ ಹೊಟ್ಟೆ ನೋಡಿದೆ, ಹೋಗ್ತಿತ್ತು. ಮದ್ದಿಗೆ ಇನ್ನೂ ಶಕ್ತಿ ಇದೆಯಾ ಅನ್ನೋದು ಬೇರೆ ಪ್ರಶ್ನೆ. ರಾಪಾಮೈಸಿನ್ ಕೆಲಸ ಮಾಡಿದರೆ ಮೊಟ್ಟೆ ಕಮ್ಮಿಯಾಗುತ್ತೆ, ಅದಕ್ಕೆ ಮೊಟ್ಟೆ ಎಣಿಸಿ. ಕಂಟ್ರೋಲ್ ವಯಲಿನ ಮೇಲ್ಮೈ ಚಿರೋಟಿ ರವೆ ಉದುರಿಸಿದ ಹಾಗೆ ಬೆಳ್ಳಗಿರುತ್ತೆ. ರಾಪಾಮೈಸಿನ್ ವಯಲಿನಲ್ಲಿ ಲೆನ್ಸ್ ಹಿಡಿದು ಹುಡುಕಬೇಕು, ಅಲ್ಲೊಂದು ಇಲ್ಲೊಂದು. ಒಂದು ಸರಬರಾಜುದಾರರ ಪುಡಿ ಹಾಕಿದಾಗ ಎರಡೂ ಕಡೆ ಒಂದೇ ಸಮ ಮೊಟ್ಟೆ! ವಾರದೊಳಗೇ ನಿಲ್ಲಿಸಿ ಪುಡಿ ವಾಪಸ್ ಕಳಿಸಿದೆ. ದುಡ್ಡು ಇವತ್ತಿಗೂ ಬಂದಿಲ್ಲ.

ಕೊನೆಗೆ ಬಂದಿದ್ದು ಇಷ್ಟು. ಹೊಟ್ಟೆ ತುಂಬಾ ತಿಂದ ಹೆಣ್ಣುಗಳಲ್ಲಿ ಅರ್ಧ ಸಾಯೋ ಹೊತ್ತಿಗೆ ಐವತ್ತೆಂಟು ಅರವತ್ತು ದಿನ, ಮಿತಾಹಾರದಲ್ಲಿ ಎಪ್ಪತ್ತರ ಹತ್ತಿರ, ತುಂಬಿದ ಊಟದ ಜೊತೆ ರಾಪಾಮೈಸಿನ್ ಕೊಟ್ಟಾಗ ಅರವತ್ತೇಳೋ ಅರವತ್ತೆಂಟೋ. ಎರಡೂ ಸೇರಿದಾಗ ಇನ್ನೊಂಚೂರು ಮೇಲೆ. ಮದ್ದು ಬರೀ ಮಿತಾಹಾರದ ವೇಷ ಹಾಕೋದಾಗಿದ್ದರೆ ಈ ಒಂಚೂರು ಬರಬಾರದಿತ್ತು. ಗಂಡುಗಳಲ್ಲಿ ಫಲಿತಾಂಶ ಸಪ್ಪೆ. ಆ ಗೆಳೆಯನಿಗೆ ಗ್ರಾಫ್ ಕಳಿಸಿದೆ. "ಫ್ರಿಜ್ಜಿನ ಫೋಟೋನೂ ಕಳಿಸು" ಅಂದ.

ಮಧ್ಯೆ ಸಕ್ಕರೆ ಕಾಯಿಲೆಯ ಮದ್ದು ಮೆಟ್‌ಫಾರ್ಮಿನ್ನೂ ನೋಡಿದೆ, ಅಗ್ಗ ಅಂತ. ಒಂದು ದಿನವೂ ಹೆಚ್ಚಲಿಲ್ಲ, ಡೋಸ್ ಏರಿಸಿದರೆ ಬೇಗ ಸತ್ತವು. ಲಂಡನ್ನಿನವರಿಗೂ 2012ರಲ್ಲಿ ನೊಣದಲ್ಲಿ ಆಯಸ್ಸು ಹೆಚ್ಚಿರಲಿಲ್ಲ. ದ್ರಾಕ್ಷಿಯಲ್ಲಿರೋ ರೆಸ್ವೆರಾಟ್ರಾಲ್ ಕಡೆ ಹೋಗಲಿಲ್ಲ. ಅದರ ಮೇಲೆ ಕೆಲಸ ಮಾಡ್ತಿದ್ದ ಸರ್ಟ್ರಿಸ್ ಕಂಪನಿಯನ್ನ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಕೊಂಡ ಔಷಧ ಕಂಪನಿ ಗ್ಲಾಕ್ಸೋದವರೇ ಐದು ವರ್ಷಕ್ಕೆ ಆ ಆಫೀಸು ಮುಚ್ಚಿದ ಮೇಲೆ ನನ್ನ ಸಂಬಳದಲ್ಲಿ ಯಾಕೆ?

ಸ್ಟಾಫ್ ರೂಮಿನಲ್ಲಿ ಕಾಮರ್ಸಿನ ಮೇಷ್ಟ್ರು "ಸಾರ್, ಆ ಮಾತ್ರೆ ನಮಗೂ ಒಂದೆರಡು" ಅಂತಾರೆ. ರಾಪಾಮೈಸಿನ್ ಕಿಡ್ನಿ ಕಸಿ ಆದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸೋಕೆ ಕೊಡೋ ಮದ್ದು, ಬಾಯಿ ಹುಣ್ಣಾಗುತ್ತೆ, ಕೊಲೆಸ್ಟ್ರಾಲ್ ಏರುತ್ತೆ ಅಂದೆ. ಸುಮ್ಮನಾಗಿ ಎರಡನೇ ವಡೆಗೆ ಕೈ ಹಾಕಿದರು. ಮುಂದಿನ ತಂಡಕ್ಕೆ ಸಕ್ಕರೆ ಕಾಯಿಲೆಯ ಇನ್ನೊಂದು ಮದ್ದು ಅಕಾರ್ಬೋಸ್ ತಂದಿಟ್ಟಿದ್ದೇನೆ. ಗಂಡಿಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಅದೇ, ನಮ್ಮ ಗಂಡು ನೊಣಗಳಿಗೂ ಒಂದು ಅವಕಾಶ ಕೊಡೋಣ ಅಂತ.