ಮೋಲ್ಡ್‌ಗೆ ದುಡ್ಡು ಸುರಿಯುವ ಮುಂಚೆ ತ್ರೀಡಿ ಪ್ರಿಂಟ್ ತೆಗೆದು ನೋಡಿ

ಹೊಸ ಪ್ಲಾಸ್ಟಿಕ್ ಡಬ್ಬಿಯನ್ನು ಸಾವಿರಗಟ್ಟಲೆ ತಯಾರಿಸಲು ಉಕ್ಕಿನ ಮೋಲ್ಡ್, ಅಂದರೆ ಅಚ್ಚು ಬೇಕು. ಅದಕ್ಕೆ ಲಕ್ಷಗಟ್ಟಲೆ ಹೋಗುತ್ತದೆ. ಮೋಲ್ಡ್ ಬಂದಮೇಲೆ ಸ್ಕ್ರೂ ತೂತು ಒಂದು ಮಿಲಿಮೀಟರ್ ಆಚೀಚೆ ಆಗಿದೆ ಅಂತ ಗೊತ್ತಾದರೆ ಏನು ಮಾಡುತ್ತೀರಿ? ಕಂಪ್ಯೂಟರ್‌ನಲ್ಲಿ ಬಿಡಿಸಿದ್ದನ್ನು ಪದರ ಪದರವಾಗಿ ಕಟ್ಟಿ ವಸ್ತು ಮಾಡುವ ತ್ರೀಡಿ ಪ್ರಿಂಟಿಂಗ್ ಹುಟ್ಟಿದ್ದೇ ಈ ತಲೆನೋವಿಗೆ. ಅಮೆರಿಕದ ಚಕ್ ಹಲ್ 1984ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು, ಸ್ಯಾಂಪಲ್ ಭಾಗಗಳಿಗಾಗಿ ವಾರಗಟ್ಟಲೆ ಕಾಯುವುದು ಸಾಕಾಗಿ.

ಗೋಡೆಗೆ ಹಾಕುವ ಸೆನ್ಸರ್ ಡಬ್ಬಿ ಅಂದುಕೊಳ್ಳಿ. ಮುಚ್ಚಳ ಟಕ್ ಅಂತ ಕೂರಬೇಕು.

ಮೊದಲು ಒಳಗಿನ ಸರ್ಕ್ಯೂಟ್ ಬೋರ್ಡನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಫ್ರೀಕ್ಯಾಡ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಡಬ್ಬಿ ಬಿಡಿಸಿ. ಒಂದರೊಳಗೊಂದು ಕೂರುವ ಕಡೆ 0.2ರಿಂದ 0.3 ಮಿ.ಮೀ. ಸಂದು ಬಿಡಿ, ಇಲ್ಲದಿದ್ದರೆ ಮುಚ್ಚಳ ಹೋಗುವುದೇ ಇಲ್ಲ. ಆಮೇಲೆ ಫೈಲನ್ನು ಸ್ಲೈಸರ್‌ಗೆ (ಡಿಸೈನನ್ನು ತೆಳು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಕೊಡುವ ಸಾಫ್ಟ್‌ವೇರ್) ಹಾಕಿ. ಪ್ಲಾಸ್ಟಿಕ್ ಹೊರಬರುವ ನಾಝಲ್ 0.4 ಮಿ.ಮೀ. ಇದ್ದರೆ 0.2 ಮಿ.ಮೀ. ಪದರ, ಶೇ 20ರಷ್ಟು ಇನ್‌ಫಿಲ್ (ಗೋಡೆಯೊಳಗಿನ ತುಂಬುವಿಕೆ) ಸಾಕು.

ಈಗ ತುಂಬ ಜನ ಗಮನಿಸದ ವಿಷಯ. ಕರಗಿದ ಪ್ಲಾಸ್ಟಿಕ್ ಪದರದ ಮೇಲೆ ಪದರ ಕೂರುತ್ತದೆ ಅಲ್ವಾ, ಆ ಪದರಗಳ ನಡುವಿನ ಅಂಟೇ ವೀಕು. ಮುಚ್ಚಳದ ಕ್ಲಿಪ್ಪನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಬಗ್ಗಿಸಿದ ತಕ್ಷಣ ಬುಡದಲ್ಲಿ ಪಟ್ ಅಂತ ಮುರಿಯುತ್ತದೆ, ಮಲಗಿಸಿ ಮಾಡಿದರೆ ಅದೇ ಕ್ಲಿಪ್ ಚೆನ್ನಾಗಿ ಬಗ್ಗಿ ವಾಪಸ್ ಬರುತ್ತದೆ. ಹಾಗಾಗಿ ಕ್ಲಿಪ್ ಮುರಿಯಿತು ಅಂತ ಸುಮ್ನೆ ಡಿಸೈನ್ ಬದಲಿಸಬೇಡಿ, ಮೊದಲು ದಿಕ್ಕು ಬದಲಿಸಿ ನೋಡಿ. ಜೊತೆಗೆ, ಇಡೀ ಡಬ್ಬಿ ಪ್ರಿಂಟ್ ಮಾಡಿ ಗಂಟೆಗಟ್ಟಲೆ ಕಾಯುವ ಬದಲು ಕ್ಲಿಪ್ ಇರುವ ಮೂಲೆಯನ್ನಷ್ಟೇ ಫೈಲ್‌ನಲ್ಲಿ ಕತ್ತರಿಸಿ ಪ್ರಿಂಟ್ ತೆಗೆದುಕೊಳ್ಳಿ. ಬೇಗ ಆಗುತ್ತದೆ, ಒಂದೇ ದಿನದಲ್ಲಿ ನಾಲ್ಕೈದು ಸಲ ತಿದ್ದಬಹುದು. ಪ್ರತಿ ತುಂಡಿನ ಮೇಲೂ ವರ್ಷನ್ ನಂಬರ್ ಮೂಡುವಂತೆ ಮಾಡಿ, ಮೇಜಿನ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ.

ಅಳತೆ, ಆಕಾರ ನೋಡಲು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಸಾಕು. ಆದರೆ ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡುವ ವಸ್ತುವಾದರೆ ಇನ್ನೂ ಹೆಚ್ಚು ಬಿಸಿ ತಡೆಯುವ ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡಿ. ಕ್ಲಿಪ್ಪನ್ನು ಜಾಸ್ತಿ ಸಲ ಹಾಕಿ ತೆಗೆದು ಪರೀಕ್ಷಿಸಬೇಕಿದ್ದರೆ ಎಸ್‌ಎಲ್‌ಎಸ್ ಅನ್ನುವ ಬೇರೆ ಥರದ ಪ್ರಿಂಟರ್‌ನಲ್ಲಿ ಮಾಡಿದ ನೈಲಾನ್ ಒಳ್ಳೆಯದು. ಅಲ್ಲಿ ಲೇಸರ್ ಪುಡಿಯನ್ನು ಬೆಸೆಯುತ್ತದೆ, ಸುತ್ತಲಿನ ಪುಡಿಯೇ ಆಸರೆ.

ಪ್ರಿಂಟರ್‌ನಲ್ಲಿ ಬಂದದ್ದೆಲ್ಲ ಮೋಲ್ಡ್‌ನಲ್ಲಿ ಬರುವುದಿಲ್ಲ. ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಕೊಡದಿದ್ದರೆ ಡಬ್ಬಿ ಮೋಲ್ಡ್ ಬಿಟ್ಟು ಬರಲು ಒದ್ದಾಡುತ್ತದೆ, ದಪ್ಪ ಒಂದೇ ಸಮ ಇಲ್ಲದಿದ್ದರೆ ಮೈ ಮೇಲೆ ಕುಳಿ ಬೀಳುತ್ತದೆ. ಮೋಲ್ಡ್ ಮಾಡುವ ಟೂಲ್ ರೂಮ್‌ಗೆ ಫೈಲ್ ಕೊಡುವಾಗ ಕೊನೆಯ ಪ್ರಿಂಟನ್ನೂ ಕೈಯಲ್ಲಿ ಹಿಡಿದು ಹೋಗಿ. ಎಲ್ಲಿ ಓರೆ ಬೇಕು, ಎಲ್ಲಿ ಕ್ಲಿಪ್ ಸಿಕ್ಕಿಕೊಳ್ಳುತ್ತದೆ ಅಂತ ಅವರು ಅದರ ಮೇಲೇ ಪೆನ್ನಲ್ಲಿ ಗುರುತು ಹಾಕಿ ಕೊಡಬಹುದು.